ಮುಚ್ಚಿದ ಪ್ಲೇಟಿಂಗ್ ಶೆಡ್ಡಿನ ಜಾಗದಾಗ ಗಾರ್ಡನ್ ಮಾಡಬಹುದೇನ್ರಿ? ಮ್ಯಾಲೆ ಕೆಂಪು ಮಣ್ಣು ಹಾಕಿದ್ರ ಸಾಕಾ?

ಮೂರನೇ_ಗೇಟ್
ನಮಸ್ಕಾರ್ರೀ ಎಲ್ಲಾರಿಗೂ. ಬೆಳಗಾವಿ ಉದ್ಯಮಬಾಗ ಕಡೆ ನಮ್ಮ ಕಾಲನಿ ಐತಿ. ಮಗ್ಗಲಾಗ ಹದಿನೆಂಟು ಗುಂಟೆ ಜಾಗ ಬೀಳು ಬಿದ್ದೈತಿ, ಮೊದಲ ಅಲ್ಲಿ ಸಣ್ಣ ಫೌಂಡ್ರಿ ಇತ್ತು, ಅದರ ಹಿಂದ ಸಾಮಾನಿಗೆ ಲೋಹದ ಲೇಪ ಹಾಕೂ ಒಂದು ಪ್ಲೇಟಿಂಗ್ ಶೆಡ್ಡು. ಎರಡೂ ಮುಚ್ಚಿ ಹನ್ನೆರಡು ವರ್ಷ ಆಗಿರಬೇಕು. ಈಗ ಮಾಲಕರು ಸಂಘಕ್ಕ ಪುಕ್ಕಟ ಬರದು ಕೊಡ್ತೀನಿ ಅಂತಾರ, ಸಾರ್ವಜನಿಕ ಉಪಯೋಗಕ್ಕ ಇರ್ಲಿ ಅಂತ.

ಮೀಟಿಂಗಿನ್ಯಾಗ ಹಿರ್ಯಾರು ವಾಕಿಂಗ್ ಟ್ರ್ಯಾಕ್ ಅಂದ್ರು, ಹೆಣ್ಮಕ್ಳು ಕಾಯಿಪಲ್ಲೆ ಹಚ್ಚೂಣು ಅಂದ್ರು, ಹುಡುಗರು ಕುಸ್ತಿ ತಾಲೀಮು ಬೇಕು ಅಂದ್ರು, ಅಂಗನವಾಡಿಗೂ ಒಂದು ಖೋಲಿ ಅಂತ ಮತ್ತೊಬ್ರು. ಎಲ್ಲಾ ಛಲೋನ. ಖರೆ ನನಗ ಒಂದ ಸಂಶಯ ಹೊಕ್ಕೈತಿ. ಹೋದ ಮಳಿಗಾಲದಾಗ ಹಿಂದಿನ ಮೂಲ್ಯಾಗ ನೀರು ನಿಂತಿತ್ತು, ಬಣ್ಣ ನೋಡಿದ್ರ ಅರಿಷಿಣ ಕಲಿಸಿದಂಗ. ಒಣಗಿದ ಮ್ಯಾಲೆ ಗ್ವಾಡಿ ಬುಡಕ ಹಳದಿ ಬೂಸ್ಟಿನಂಗ ಹತ್ತಿತ್ತು. ಅಲ್ಲಿ ಕರಕಿ ಸುದ್ದಾ ಬೆಳೆಂಗಿಲ್ಲ. ಗುತ್ತಿಗೆದಾರ ಹೇಳ್ತಾನ, "ಸಾಹೇಬ್ರ, ಮ್ಯಾಲೆ ಎರಡು ಫೂಟು ಕೆಂಪು ಮಣ್ಣು ಒಗದು ಬಿಡೂಣು, ಮುಗೀತು". ಮುಗೀತದ ಏನ್ರಿ?

ಟಿಪ್ಪರ್_ರಾಜಾ
ಮುಗೀತದರಿ. ನಾನೂ ಇದ ಧಂಧೆದಾಗ ಅದೇನಿ. ಜೆಸಿಬಿ ಹಚ್ಚಿ ಲೆವೆಲ್ ಮಾಡಿಸ್ರಿ, ಮುರಮ್ ಹಾಕಿ ರೋಲರ್ ಹೊಡೀರಿ, ಮ್ಯಾಲೆ ಲಾನ್. ಇಷ್ಟು ವಿಚಾರ ಮಾಡಿದ್ರ ಊರಾಗ ಒಂದೂ ಮನಿ ಕಟ್ಟಾಕ ಆಗೂದಿಲ್ಲ.

ರಸಾಯನ_ಮಾಸ್ತರ
ಟಿಪ್ಪರ್ ಸಾಹೇಬ್ರ, ಜರಾ ತಡೀರಿ. ಜೆಸಿಬಿ ಹಚ್ಚೂದ ಮೊದಲನೇ ತಪ್ಪು. ಪ್ಲೇಟಿಂಗ್ ಶೆಡ್ಡು, ಹಳದಿ ನೀರು, ಹುಲ್ಲು ಹುಟ್ಟದ ಜಾಗ, ಈ ಮೂರೂ ಕೂಡಿದ್ರ ಮೊದಲ ಸಂಶಯ ಪಡಬೇಕಾದ್ದು ಕ್ರೋಮಿಯಂ ಮ್ಯಾಲೆ. ಅದರಾಗೂ ಆರನೇ ವೇಲೆನ್ಸಿದು, ಅಂದ್ರ ಅದರ ಒಂದು ರಾಸಾಯನಿಕ ರೂಪ. ಕ್ರೋಮಿಯಂ ಎರಡು ಅವತಾರದಾಗ ಸಿಗ್ತೈತಿ. ಮೂರರದು ಸಮಾಧಾನದ ಮನಷ್ಯಾ, ಮಣ್ಣಿಗೆ ಗಟ್ಟಿ ಹಿಡ್ಕೊಂಡು ಕುಂಡ್ರತೈತಿ, ನೀರಿನ್ಯಾಗ ಲಗೂನ ಕರಗೂದಿಲ್ಲ. ಆರರದು ಹಂಗಲ್ಲ, ನೀರು ಎಲ್ಲಿ ಹೋಗ್ತೈತಿ ಅದರ ಕೂಡ ಹೊಂಟು ಬಿಡ್ತೈತಿ, ಬಣ್ಣ ಹಳದಿ, ಧೂಳಿನ ಕೂಡ ಮೂಗಿನ್ಯಾಗ ಹೊಕ್ಕರ ಪುಪ್ಪುಸದ ಕ್ಯಾನ್ಸರಿಗೆ ದಾರಿ.

ಮ್ಯಾಲೆ ಎರಡು ಫೂಟು ಮಣ್ಣು ಹಾಕಿದ್ರಿ ಅಂತ ತಿಳ್ಕೊರಿ. ಕಾಲಿಗೆ ಹತ್ತೂದಿಲ್ಲ, ಧೂಳ ಏಳೂದಿಲ್ಲ, ಅದು ಖರೆ. ಆದ್ರ ಕೆಂಪು ಮಣ್ಣು, ಮುರಮ್ ಎರಡೂ ಜಾಳಿಗಿ ಇದ್ದಂಗ, ನಮ್ಮ ಜೂನ್ ಜುಲೈ ಮಳಿ ಸೀದಾ ಕೆಳಗಿಳೀತೈತಿ, ಕ್ರೋಮಿಯಂ ತೊಳಕೊಂಡು ಬಾವಿ ಬೋರಿನ ಕಡೆ ಹೋಗ್ತೈತಿ. ಮ್ಯಾಲೆ ನೀವು ಲಾನಿಗೆ ಬ್ಯಾಸಿಗ್ಯಾಗ ಪೈಪ್ ಹಿಡಿದ್ರಿ ಅಂದ್ರ ವರ್ಷ ಪೂರ್ತಿ ಮಳಿಗಾಲ ಮಾಡಿದಂಗ ಆತಲ್ರಿ.

ಕುಂದಾ_ಪ್ರೇಮಿ
ಎರಿ ಮಣ್ಣು ಹಾಕಿದ್ರ? ಅದು ನೀರು ಬಿಡೂದಿಲ್ಲಲಾ.

ಎರಿಹೊಲ
ಏ ತಮ್ಮಾ, ನೀ ಹೊಲ ನೋಡಿಲ್ಲ ಅಂತ ಕಾಣ್ತದ. ಎರಿ ಮಣ್ಣು ಮಳ್ಯಾಗ ಉಬ್ಬತದ, ಬ್ಯಾಸಿಗ್ಯಾಗ ಬಿರಿತದ. ನಮ್ಮ ವಿಜಯಪುರ ಕಡೆ ಏಪ್ರಿಲ್‌ದಾಗ ಬಿರುಕಿನ್ಯಾಗ ಕುಡುಗೋಲು ಬಿದ್ರ ಹೊಳ್ಳಿ ಸಿಗಂಗಿಲ್ಲ. ಅಂಥಾ ಮುಚ್ಚಳ ಹಾಕಿ ಏನು ಮಾಡತಿ. ಮೊದಲ ಮಳಿ ನೀರು ಅದ ಬಿರುಕಿನ್ಯಾಗ ಹಾದು ಇಳೀತದ.

ಮೂರನೇ_ಗೇಟ್
ಮಾಸ್ತರ, ಹಂಗಾದ್ರ ಇದು ಕ್ರೋಮಿಯಂ ಹೌದೋ ಅಲ್ಲೋ ಅಂತ ಗೊತ್ತಾಗೂದು ಹ್ಯಾಂಗ? ನಮ್ಮ ಸೆಕ್ರೆಟರಿ ಅಂತಾರ ಟೆಸ್ಟಿಂಗ್ ಅಂದ್ರ ಲಕ್ಷಗಟ್ಟಲೆ, ಗೇಟಿನ ಬಜೆಟ್ ಹೋಗ್ತೈತಿ ಅಂತ.

ರಸಾಯನ_ಮಾಸ್ತರ
ಮೊದಲನೇ ಗುರುತಿಗೆ ಅಷ್ಟೇನ್ ರೊಕ್ಕ ಬೇಕಿಲ್ಲ. ಡೈಫಿನೈಲ್ ಕಾರ್ಬಜೈಡ್ ಅಂತ ಒಂದು ಕೆಮಿಕಲ್ ಐತಿ, ನೀರಿಗೆ ಜರಾ ಆ್ಯಸಿಡ್ ಹಾಕಿ ಇದನ್ನ ಬಿಟ್ರ, ಆರರ ಕ್ರೋಮಿಯಂ ಇತ್ತು ಅಂದ್ರ ನೇರಳೆ ಬಣ್ಣಕ್ಕ ತಿರಗ್ತೈತಿ. ಕಾಲೇಜ್ ಲ್ಯಾಬಿನ್ಯಾಗ ಐದು ನಿಮಿಷದ ಕೆಲಸ. ಖರೆ ಅದು "ಐತಿ" ಅಂತ ಹೇಳ್ತೈತಿ, "ಎಲ್ಲೆಲ್ಲಿ, ಎಷ್ಟು ಆಳ" ಅಂತ ಹೇಳೂದಿಲ್ಲ. ಅದಕ್ಕ ಜಾಗಕ್ಕ ಚೌಕಳಿ ಹಾಕಿ ಬ್ಯಾರೆಬ್ಯಾರೆ ಕಡೆ, ಬ್ಯಾರೆಬ್ಯಾರೆ ಆಳದಾಗ ಮಣ್ಣು ತಗೀಬೇಕು, ಮಾನ್ಯತಾ ಇರೂ ಲ್ಯಾಬಿಗೆ ಕೊಡಬೇಕು. ನಿಕ್ಕಲ್, ಸೀಸ, ಕ್ಯಾಡ್ಮಿಯಂ, ಸೈನೈಡ್ ಕೂಡೇ ನೋಡಸ್ರಿ, ಸತು ತಾಮ್ರ ಪ್ಲೇಟಿಂಗಿನ್ಯಾಗ ಸೈನೈಡ್ ಟ್ಯಾಂಕು ಇರ್ತಿದ್ವು.

ಮತ್ತ ಬಾಜೂ ಮನ್ಯಾವರ ಬೋರಿನ ನೀರು ಮರೀಬ್ಯಾಡ್ರಿ. ಕುಡಿಯೂ ನೀರಿನ್ಯಾಗ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ. ಕುದಿಸಿ ಕುಡಿದ್ರ ಹೋಗೂದಿಲ್ಲ ಮತ್ತ, ಕುದಿಸಿದಷ್ಟೂ ದಪ್ಪ ಆಗ್ತೈತಿ.

ಅಕ್ಕಮ್ಮ_ಕಾಯಿಪಲ್ಲೆ
ಅಯ್ಯ ಶಿವನ. ನಾವು ಆ ಕಂಪೌಂಡಿನ ಈ ಕಡೆ ಹೋದ ವರ್ಷ ರಾಜಗಿರಿ, ಮೆಂತ್ಯೆ ಹಚ್ಚಿ ತಿಂದೇವಲ್ರೀ 🙁

ರಸಾಯನ_ಮಾಸ್ತರ
ಅಕ್ಕಾರ ಗಾಬ್ರಿ ಆಗಬ್ಯಾಡ್ರಿ, ಒಂದು ವರ್ಷದ ಪಲ್ಲೆಗೆ ಏನೂ ಆಗಿರೂದಿಲ್ಲ ಅಂತನೂ ಹೇಳಲ್ಲ, ಆಗೈತಿ ಅಂತನೂ ಹೇಳಲ್ಲ. ಈ ವರ್ಷ ಹಚ್ಚಬ್ಯಾಡ್ರಿ, ಟೆಸ್ಟ್ ಆಗೂತನ. ತಪ್ಪಲಪಲ್ಲೆ, ಗಜ್ಜರಿ, ಮೂಲಂಗಿ ಇವುಕ್ಕ ಮಣ್ಣು ಹತ್ತಿಕೊಂಡ ಬರ್ತೈತಿ, ಅದ ಹೆಚ್ಚಿಗೆ ತ್ರಾಸು.

ಮೋಲ್ಡರ್_ಕಾಕಾ
ನಾನು ಉದ್ಯಮಬಾಗದಾಗ 31 ವರ್ಷ ಮೋಲ್ಡಿಂಗ್ ಮಾಡೇನಿ. ಫೌಂಡ್ರಿ ಅಂದ ಕೂಡಲೇ ಎಲ್ಲಾರೂ ಹೆದರತೀರಿ, ಅದಕ್ಕ ಒಂದು ಮಾತು ಹೇಳ್ತೀನಿ. ಕರೇ ಉಸುಕು ಕಂಡ್ರ ಅದೆಲ್ಲಾ ವಿಷ ಅಲ್ಲ. ನಮ್ಮ ಅಚ್ಚಿನ ಉಸುಕು, ಗ್ರೀನ್ ಸ್ಯಾಂಡ್ ಅಂದ್ರ ಏನು, ಸಿಲಿಕಾ ಉಸುಕು, ಬೆಂಟೊನೈಟ್ ಜೇಡಿಮಣ್ಣು, ಕಲ್ಲಿದ್ದಲ ಪುಡಿ, ನೀರು. ಬೀಡಿನ (ಎರಕದ ಕಬ್ಬಿಣದ) ಕಾಸ್ಟಿಂಗ್ ತಗದ ಮ್ಯಾಲೆ ಅದನ್ನ ಹೊಳ್ಳಿ ಹೊಳ್ಳಿ ವಾಪರಸ್ತಿದ್ವಿ, ಸುಟ್ಟು ಸತ್ತ ಮ್ಯಾಲೆ ಹೊರಗ ಒಗೀತಿದ್ವಿ. ಎರಕದ ಒಳಗ ಪೊಳ್ಳು ಬಿಡಾಕ ಇಡೂ ಕೋರಿನ ಉಸುಕಿಗೆ ರೆಸಿನ್ ಅಂಟು ಇರ್ತೈತಿ, ಅದರ ವಾಸನಿ ಬ್ಯಾರೆ, ಕಣ್ಣು ಉರೀತಿತ್ತು. ಹಿತ್ತಾಳಿ, ಗನ್‌ಮೆಟಲ್ ಎರಕ ಹೊಯ್ದಿದ್ರ ಮಾತು ಬ್ಯಾರೆ, ಅದರಾಗ ಸೀಸ ಸತು ಇಳದಿರ್ತೈತಿ. ಅದಕ್ಕ ಮೊದಲ ಕೇಳ್ರಿ, ಆ ಫೌಂಡ್ರ್ಯಾಗ ಬೀಡು ಹೊಯ್ತಿದ್ರೋ ಹಿತ್ತಾಳಿನೋ ಅಂತ.

ಪ್ಲೇಟಿಂಗಿಂದು ಹೇಳಬೇಕಂದ್ರ, ನಮ್ಮಲ್ಲಿ ಹೈಡ್ರಾಲಿಕ್ ಸಿಲಿಂಡರ್ ರಾಡಿಗೆ ಹಾರ್ಡ್ ಕ್ರೋಮ್ ಮಾಡ್ತಾರಲ್ಲ, ಅಂಥಾ ಒಂದು ಶೆಡ್ಡಿನ್ಯಾಗ (ಯಾವುದಂತ ಹೇಳೂದಿಲ್ಲ) ನನ್ನ ದೋಸ್ತ ದುಡೀತಿದ್ದ. ಅವನ ಮೂಗಿನ ನಡಬರಕಿನ ಗ್ವಾಡಿ ತೂತು ಬಿದ್ದಿತ್ತು. ನಾವು ಚ್ಯಾಷ್ಟಿ ಮಾಡ್ತಿದ್ವಿ, ನತ್ತು ಹಾಕ್ಕೊ ಲೇ ಅಂತ. ಅದು ಕ್ರೋಮಿನ ಹಬಿಯಿಂದ ಅಂತ ಭಾಳ ವರ್ಷದ ಮ್ಯಾಲೆ ದವಾಖಾನ್ಯಾಗ ಗೊತ್ತಾತು. ಈಗ ನೆನಪಾದ್ರ ಹೊಟ್ಟಿ ಕಿವಿಚಿದಂಗ ಆಗ್ತೈತಿ.

ಖಾಸಬಾಗ_ಮಗ್ಗ
ಕಾಕಾ 🙏 ನಮ್ಮ ನೇಕಾರರ ಓಣ್ಯಾಗೂ ಇಂಥಾ ಕಥಿ ಅದಾವು. ಬಣ್ಣ ಹಾಕೂ ಮನಿ ಮುಂದಿನ ಗಟಾರ ದಿನಾ ಒಂದೊಂದು ಬಣ್ಣ, ನಾವು ಸಣ್ಣವರಿದ್ದಾಗ ಇವತ್ತು ಯಾವ ಸೀರಿ ಅಂತ ಗಟಾರ ನೋಡಿ ಹೇಳ್ತಿದ್ವಿ. ಕಡೀಕೆ ಎಲ್ಲಾ ನಮ್ಮೂರ ಬಳ್ಳಾರಿ ನಾಲಾಕ್ಕ.

ನಾಲಾದಂಡಿ_ಭತ್ತ
ಬಳ್ಳಾರಿ ನಾಲಾದ ಹೆಸರು ತಗದ್ರಿ ನೋಡ್ರಿ, ನಮ್ಮ ಹೊಲ ಅದರ ದಂಡಿಗೆ. ಬೆಳಗಾವಿ ಬಾಸಮತಿ ಅಂತ ಹೆಸರಾದ ಅಕ್ಕಿ ಬೆಳೀತಿದ್ದ ಭೂಮಿ. ಮಳಿಗಾಲದಾಗ ನಾಲಾ ತುಂಬಿ ಊರಿನ ಹೊಲಸೆಲ್ಲಾ ಹೊಲದಾಗ ಬಂದು ಕುಂಡ್ರತೈತಿ. ನಿಮಗ ಹದಿನೆಂಟು ಗುಂಟೆ ಚಿಂತಿ, ನಮಗ ಎಕರೆಗಟ್ಟಲೆ. ಯಾರಿಗೆ ಹೇಳೂಣು. ಆ ಕಡೆ ಹರೀತು ಮಾರ್ಕಂಡೇಯ ನದಿಗೆ ಸೇರ್ತು, ಊರವರ ಪಾಲಿಗೆ ಮುಗೀತು.

ಟಿಪ್ಪರ್_ರಾಜಾ
ಆತ್ರಿ ಒಪ್ಪಿದೆ. ಹಂಗಾದ್ರ ಕೆಟ್ಟ ಮಣ್ಣು ಕೆದರಿ ಎತ್ತಿ ಊರ ಹೊರಗ ಒಯ್ದು ಚೆಲ್ಲೂಣು. ಎರಡು ದಿನದ ಕೆಲಸ.

ಬೆಂಗಳೂರು_ವಾಸಿ_ಬೆಳಗಾವಿ_ಮನಸು
ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ. ನಾನು ಇದೇ ಫೀಲ್ಡಲ್ಲಿ ಇದೀನಿ. ಟೆಸ್ಟಲ್ಲಿ ಅಪಾಯಕಾರಿ ತ್ಯಾಜ್ಯ ಅಂತ ಬಂದ್ರೆ ಆ ಮಣ್ಣನ್ನ ಎಲ್ಲಂದ್ರಲ್ಲಿ ಚೆಲ್ಲೋದು ಅಪರಾಧ. ಅದಕ್ಕೆ ಅಂತಾನೇ ತಳಕ್ಕೆ ಲೈನಿಂಗ್ ಹಾಕಿದ ಲ್ಯಾಂಡ್‌ಫಿಲ್ (ತ್ಯಾಜ್ಯ ಹೂಳೋ ಜಾಗ) ಇರುತ್ತೆ, ನಮ್ಮ ರಾಜ್ಯದ್ದು ಬೆಂಗಳೂರು ಹತ್ರ ದಾಬಸ್‌ಪೇಟೆಲಿದೆ. ಬೆಳಗಾವಿಯಿಂದ ಅಲ್ಲಿವರೆಗೆ ಟಿಪ್ಪರ್ ಓಡ್ಸಿದ್ರೆ ಡೀಸೆಲ್ ಖರ್ಚೇ ನಿಮ್ಮ ಗಾರ್ಡನ್ ಖರ್ಚನ್ನ ಮೀರುತ್ತೆ. ಅದಕ್ಕೇ ಎಲ್ಲಾ ಮಣ್ಣೂ ಎತ್ತೋದಲ್ಲ, ಟ್ಯಾಂಕ್ ಕೆಳಗಿನ, ಸೋಕ್ ಪಿಟ್ಟಿನ (ಹೊಲಸು ನೀರು ಇಂಗೋ ಗುಂಡಿ) ಅತಿ ಕೆಟ್ಟ ಮಣ್ಣು ಎಷ್ಟಿದೆ ಅಂತ ಗುರುತಿಸಿ ಅಷ್ಟನ್ನೇ ಎತ್ತೋದು, ಉಳಿದಿದ್ದಕ್ಕೆ ಅಲ್ಲೇ ಚಿಕಿತ್ಸೆ.

ಚಿಕಿತ್ಸೆ ಅಂದ್ರೆ ಮ್ಯಾಜಿಕ್ ಅಲ್ಲ, ಆರರ ಕ್ರೋಮಿಯಂನ ಮೂರಕ್ಕೆ ಇಳಿಸೋದು. ಅದಕ್ಕೆ ಫೆರಸ್ ಸಲ್ಫೇಟ್ ಬಳಸ್ತಾರೆ.

ಎರಿಹೊಲ
ಫೆರಸ್ ಸಲ್ಫೇಟ್ ಅಂದ್ರ ಅನ್ನಭೇದಿ ಅಲ್ಲೇನ್ರಿ! ಬೆಳಿ ಹಳದಿ ಆದಾಗ ಕಬ್ಬಿಣಂಶ ಕಡಿಮಿ ಅಂತ ನಾವು ಹೊಡೀತೀವಿ. ಗೊಬ್ಬರದ ಅಂಗಡ್ಯಾಗ ಸಿಗ್ತದ.

ಬೆಂಗಳೂರು_ವಾಸಿ_ಬೆಳಗಾವಿ_ಮನಸು
ಅದೇ ಅದೇ. ಆದ್ರೆ ಒಂದು ಮೂಟೆ ತಂದು ನೀವೇ ಎರಚಿಬಿಡಬೇಡಿ ಮತ್ತೆ 😄 ಎಷ್ಟು ಹಾಕ್ಬೇಕು, ಎಷ್ಟು ಆಳಕ್ಕೆ ಬೆರೆಸ್ಬೇಕು ಅಂತ ಮಣ್ಣಿನ ರಿಪೋರ್ಟ್ ನೋಡಿ ಲೆಕ್ಕ ಹಾಕ್ಬೇಕು, ಆಮೇಲೆ ಮತ್ತೆ ಟೆಸ್ಟ್ ಮಾಡ್ಬೇಕು. ಲಂಡನ್ 2012ರ ಒಲಿಂಪಿಕ್ಸ್ ಪಾರ್ಕ್ ಕಟ್ಟಿದ್ದು ಹಳೇ ಕಾರ್ಖಾನೆ ಜಾಗದ ಮೇಲೇನೆ, ಅಲ್ಲಿ ಮಣ್ಣು ತೊಳೆಯೋಕೆ ಜಾಗದಲ್ಲೇ "ಮಣ್ಣಿನ ಆಸ್ಪತ್ರೆ" ಮಾಡಿದ್ರು, ತೊಳೆದ ಮಣ್ಣಲ್ಲಿ ಹೆಚ್ಚುಪಾಲು ಅಲ್ಲೇ ವಾಪಸ್ ಬಳಸಿದ್ರು.

ಟಿಪ್ಪರ್_ರಾಜಾ
ಲಂಡನ್ ಬ್ಯಾಡ್ರಿ ನಮಗ, ರೈಲ್ವೇ ಗೇಟ್ ದಾಟಾಕ ಅರ್ಧಾ ತಾಸು ಬೇಕು ಇಲ್ಲಿ.

ಕುಂದಾ_ಪ್ರೇಮಿ
😂😂 ಖರೇ ಮಾತು. ಗೇಟ್ ಬಿದ್ದಾಗ ಒಂದು ತಾಟು ಮಿರ್ಚಿ ಮುಗಿಸಿ ಬರಬಹುದು.

ಗುಮ್ಮಟದ_ಹುಡುಗ
ಇಂದೋರಿನ್ಯಾಗ ದೇವಗುರಾಡಿಯಾ ಅಂತ ಕಸದ ಗುಡ್ಡ ಇತ್ತು, 2018ರ ಸುಮಾರಿಗೆ ಹತ್ತು ಲಕ್ಷ ಟನ್ನಿಗಿಂತ ಹೆಚ್ಚಿಂದು ಜರಡಿ ಹಿಡಿದು ತಗದ್ರು, ಈಗ ಅಲ್ಲಿ ಗಿಡ ಹಚ್ಯಾರ. ಅಷ್ಟು ದೊಡ್ಡದ ಆಗ್ತದ ಅಂದ್ರ ಇದ್ಯಾಕ ಆಗೂದಿಲ್ಲ?

ರಸಾಯನ_ಮಾಸ್ತರ
ಎರಡೂ ಬ್ಯಾರೆ ರೋಗ ತಮ್ಮಾ. ಊರ ಕಸ ಅಂದ್ರ ಜರಡಿ ಹಿಡದ್ರ ಪ್ಲಾಸ್ಟಿಕ್ ಒಂದ್ ಕಡೆ, ಕಲ್ಲು ಒಂದ್ ಕಡೆ, ಸಣ್ಣ ಮಣ್ಣು ಒಂದ್ ಕಡೆ ಬೀಳ್ತೈತಿ. ಇಲ್ಲಿ ವಿಷ ಮಣ್ಣಿನ ಕಣಕಣಕ್ಕ ಹತ್ತೈತಿ, ಜರಡ್ಯಾಗ ಸಿಗೂದಿಲ್ಲ.

ಹಸಿರು_ಬೆಳಗಾವಿ
ಗಿಡಾ ಹಚ್ಚಿದ್ರ ಅವ ಎಲ್ಲಾ ಹೀರ್ಕೋತಾವಲ್ರಿ? ಸಾಸಿವಿ, ಸೂರ್ಯಕಾಂತಿ, ಲಾವಂಚ ಅಂತ ಓದೇನಿ. ಖರ್ಚೂ ಇಲ್ಲ, ನೋಡಾಕೂ ಚಂದ.

ಬೆಂಗಳೂರು_ವಾಸಿ_ಬೆಳಗಾವಿ_ಮನಸು
ಹೀರುತ್ತವೆ, ಸುಳ್ಳಲ್ಲ. 2001ರಲ್ಲಿ ಒಂದು ಜಾತಿ ಜರಿಗಿಡ ಆರ್ಸೆನಿಕ್‌ನ ಎಲೆಯಲ್ಲಿ ತುಂಬ್ಕೊಳ್ಳುತ್ತೆ ಅಂತ ಕಂಡುಹಿಡಿದಾಗ ಎಲ್ಲರಿಗೂ ಭಾರೀ ಉತ್ಸಾಹ. ಆದ್ರೆ ವರ್ಷಗಟ್ಟಲೆ ಕಾಯ್ಬೇಕು, ಬೇರು ಎಷ್ಟು ಆಳ ಹೋಗುತ್ತೋ ಅಷ್ಟೇ ಕೆಲಸ, ಮತ್ತೆ ಆ ಗಿಡ ಕೊಯ್ದು ಎಲ್ಲಿ ಹಾಕ್ತೀರಿ? ದನ ತಿಂದ್ರೆ? ಸಾಸಿವೆ ಸೊಪ್ಪು ಯಾರಾದ್ರೂ ಕಿತ್ಕೊಂಡ್ ಹೋದ್ರೆ? ಅಂಚಿನಲ್ಲಿ ಮಣ್ಣು ಕೊಚ್ಚಿ ಹೋಗದಂಗೆ ಲಾವಂಚ ಹಾಕಿ, ಚೆನ್ನಾಗಿರುತ್ತೆ. ಅದನ್ನೇ ನಂಬ್ಕೊಂಡು ಅಂಗನವಾಡಿ ಕಟ್ಟಬೇಡಿ.

ವಕೀಲ್_ಸಾಬ್
ನಾ ಬ್ಯಾರೆ ಬಾಜೂಲಿಂದ ಕೇಳ್ತೀನಿ. ಮಾಲಕರು ಪುಕ್ಕಟ ಯಾಕ ಕೊಡ್ತಾರ? ಉದ್ಯಮಬಾಗದಾಗ ಹದಿನೆಂಟು ಗುಂಟೆ ದಾನ ಕೊಡೂ ಕರ್ಣ ಇನ್ನೂ ಹುಟ್ಟಿಲ್ಲ. ಅಮೇರಿಕಾದ ನಯಾಗರಾ ಫಾಲ್ಸ್ ಊರಾಗ ಲವ್ ಕೆನಾಲ್ ಅಂತ ಜಾಗ. ಕೆಮಿಕಲ್ ಕಂಪನಿ ಅದರಾಗ ವಿಷ ತುಂಬಿ, ಮ್ಯಾಲೆ ಮಣ್ಣು ಮುಚ್ಚಿ, 1953ರಾಗ ಒಂದು ಡಾಲರಿಗೆ ಶಾಲಿ ಬೋರ್ಡಿಗೆ ಬರದು ಕೊಡ್ತು, ಮುಂದ ಏನರ ಆದ್ರ ನಾವು ಹೊಣಿ ಅಲ್ಲ ಅಂತ ಕರಾರು ಹಾಕಿ. ಶಾಲಿ ಕಟ್ಟಿದ್ರು, ಮನಿ ಎದ್ವು. 1978ರಾಗ ತುರ್ತು ಪರಿಸ್ಥಿತಿ ಘೋಷಣಾ ಮಾಡಿ ಮಂದಿನ್ನ ಎಬ್ಬಿಸಬೇಕಾತು. ಸಹಿ ಹಾಕೂದಕ್ಕಿಂತ ಮೊದಲ ಮಣ್ಣಿನ ರಿಪೋರ್ಟ್ ಕೈಯಾಗ ಇರ್ಲಿ. ಸಹಿ ಆದ ಮ್ಯಾಲೆ ವಿಷ ಸಂಘದ್ದು.

ಮೂರನೇ_ಗೇಟ್
ಅಯ್ಯೋ ವಕೀಲರ, ಮುಂದಿನ ವಾರ ರಜಿಸ್ಟ್ರಿ ಅಂತ ಮಾತಾಗೈತ್ರಿ!

ವಕೀಲ್_ಸಾಬ್
ಮುಂದ ಹಾಕ್ರಿ. ಪಂಚಾಂಗ ನೋಡಿ ದಿನ ಸರಿ ಇಲ್ಲ ಅಂತ ಹೇಳ್ರಿ ಬೇಕಾದ್ರ. 2025ರ ಜುಲೈದಾಗ ಕೇಂದ್ರ ಸರಕಾರ ಕಲುಷಿತ ಜಾಗಗಳ ನಿರ್ವಹಣೆಗೆ ಅಂತನ ಹೊಸ ನಿಯಮ ತಂದೈತಿ. ಸಂಶಯ ಇರೂ ಜಾಗದ ವರದಿ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಾಗ ಮೊದಲನೇ ತಪಾಸಣಿ ಮಾಡಬೇಕು, ಅದರ ಮ್ಯಾಲೆ ಇನ್ನೂ ಮೂರು ತಿಂಗಳದಾಗ ವಿವರವಾಗಿ ನೋಡಿ ಕಲುಷಿತ ಹೌದೋ ಅಲ್ಲೋ ತೀರ್ಮಾನ. ಹೌದಂದ್ರ ಹೊಲಸು ಮಾಡಿದವರೇ ಖರ್ಚು ಕೊಡಬೇಕು. ಅವರು ಸಿಗಲಿಲ್ಲ, ಕೊಡಾಕ ಗತಿ ಇಲ್ಲ ಅಂದ್ರ ಸರಕಾರಗಳು ನೋಡಬೇಕು. ಒಂದು ಅರ್ಜಿ ಪಾಲಿಕೆಗೆ, ಒಂದು ಡಿಸಿ ಆಫೀಸಿಗೆ, ಒಂದು ಮಂಡಳಿಗೆ. ಪೋಚ್ ಪಾವತಿ ತಗೊಂಡು ಫೈಲಿನ್ಯಾಗ ಇಟ್ಕೊರಿ.

ಟಿಪ್ಪರ್_ರಾಜಾ
ನಿಯಮ ಕಾಗದದಾಗ ಇರ್ತೈತಿ. ರೊಕ್ಕ ಬರೂತನ ಹುಡುಗರು ಮುದುಕರಾಗ್ತಾರ.

ವಕೀಲ್_ಸಾಬ್
ಅದೂ ಸುಳ್ಳಲ್ಲ. ರಾಜಸ್ಥಾನದ ಬಿಚ್ಛ್ರಿ ಹಳ್ಳ್ಯಾಗ ಡೈ ತಯಾರಿಕೆಗೆ ಬೇಕಾಗೂ ಎಚ್ ಆ್ಯಸಿಡ್ ಮಾಡೂ ಕಾರ್ಖಾನಿ ಬಾವಿ ನೀರೆಲ್ಲಾ ಕೆಡಿಸ್ತು. ಹೊಲಸು ಮಾಡಿದವ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1996ರಾಗ ತೀರ್ಪು ಕೊಟ್ಟಿತು. ಅರ್ಜಿ ಮ್ಯಾಲೆ ಅರ್ಜಿ ಹಾಕಿ ಎಳದು ಎಳದು, 2011ರಾಗ ಕೋರ್ಟಿಗೆ ಸಿಟ್ಟು ಬಂದು ಚಕ್ರಬಡ್ಡಿ ಹಾಕ್ತು. ಹದಿನೈದು ವರ್ಷ. ಆದ್ರೂ ಅರ್ಜಿನ ಇಲ್ಲದಿದ್ರ ಹದಿನೈದು ವರ್ಷಕ್ಕೂ ಬರೂದಿಲ್ಲ ನೋಡ್ರಿ.

ಖಾಸಬಾಗ_ಮಗ್ಗ
ಎಚ್ ಆ್ಯಸಿಡ್ ಹೆಸರು ಕೇಳೇ ಇಲ್ಲ ನಾವು, ಬಣ್ಣದ ಡಬ್ಬಿ ಮ್ಯಾಲೆ ಹೂವಿನ ಚಿತ್ರ ಇರ್ತಿತ್ತು ಅಷ್ಟ.

ಪೈಲ್ವಾನ್_ಬೆಳಗಾವಿ
ತಾಲೀಮಿನ ಮಾತು ಯಾರೂ ಎತ್ತವಲ್ರಿ ಅಲ್ಲ. ಕುಸ್ತಿ ಅಖಾಡದ ಮಣ್ಣು ನಾವು ಹೊರಗಿಂದ ತರ್ತೀವಿ, ಜರಡಿ ಹಿಡದು ಅರಿಷಿಣ, ಎಣ್ಣಿ, ಮಜ್ಜಿಗಿ ಹಾಕಿ ಹದಾ ಮಾಡ್ತೀವಿ. ಕೆಳಗ ಏನಿದ್ರ ನಮಗೇನು?

ಮೋಲ್ಡರ್_ಕಾಕಾ
ಪೈಲ್ವಾನ, ನೀ ಮಣ್ಣಾಗ ಮೂಗು ಹಚ್ಚಿ ಆಡೂ ಮನಷ್ಯಾ. ಗುದ್ದಲಿ ತಗೊಂಡು ದಿನಾ ಅಗೀತಿ. ನಿನ್ನ ಅಖಾಡ ಎಷ್ಟು ಆಳ ಇರ್ತೈತಿ, ತಳಕ್ಕ ಏನೂ ಇರೂದಿಲ್ಲ, ಒಂದಿನ ಗುದ್ದಲಿ ಕೆಳಗಿನ ಮಣ್ಣು ಎತ್ತೇ ಎತ್ತೈತಿ. ಇಡೀ ಜಾಗದಾಗ ಬ್ಯಾಡಾದ್ದು ಯಾವುದರ ಇದ್ರ ಅದು ತಾಲೀಮ.

ಬೆಂಗಳೂರು_ವಾಸಿ_ಬೆಳಗಾವಿ_ಮನಸು
ಕಾಕಾ ಹೇಳಿದ್ದು ಪಾಯಿಂಟ್. ಎಷ್ಟು ಸ್ವಚ್ಛ ಮಾಡ್ಬೇಕು ಅನ್ನೋದು ಮೇಲೆ ಏನು ಮಾಡ್ತೀರಿ ಅನ್ನೋದ್ರ ಮೇಲೆ ನಿಂತಿದೆ. ಕಾಂಕ್ರೀಟ್ ಹಾಕಿ ಪಾರ್ಕಿಂಗ್ ಮಾಡೋಕೆ ಒಂದು ಮಟ್ಟ, ಮಕ್ಕಳು ಮಣ್ಣು ತಿನ್ನೋ ಕಡೆ ಇನ್ನೊಂದು ಮಟ್ಟ. ಜರ್ಮನಿಯ ಡುಯಿಸ್‌ಬರ್ಗಲ್ಲಿ 1985ಕ್ಕೆ ಮುಚ್ಚಿದ ಕಬ್ಬಿಣದ ಕಾರ್ಖಾನೆನ ಪಾರ್ಕ್ ಮಾಡಿದಾರೆ, ಊದುಕುಲುಮೆ ಹಂಗೇ ಬಿಟ್ಟಿದಾರೆ, ಜನ ಹತ್ತಿ ನೋಡ್ತಾರೆ. ಎಲ್ಲಾ ಕೆಡವಿ ಹೊಸದು ಮಾಡ್ಲೇಬೇಕು ಅಂತಿಲ್ಲ. ಕೆಟ್ಟ ಮೂಲೆಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಜಿಯೋಟೆಕ್ಸ್‌ಟೈಲ್ (ಮಣ್ಣಲ್ಲಿ ಹಾಸೋ ಗಟ್ಟಿ ಬಟ್ಟೆ) ಹಾಸಿ, ಮೇಲೆ ಮಣ್ಣು, ಮಳೆನೀರು ಆಚೆ ಹೋಗೋಕೆ ಗಟಾರ, ಅದರ ಮೇಲೆ ಕಟ್ಟೆ, ಬೆಂಚು. ತರಕಾರಿ ಬೇಕಂದ್ರೆ ಇಟ್ಟಿಗೆ ಕಟ್ಟೆ ಎತ್ತರಿಸಿ ಹೊರಗಿನ ಮಣ್ಣು ತುಂಬಿ.

ಕುಂದಾ_ಪ್ರೇಮಿ
ಗಣಪತಿ ಕುಂಡ್ರಸೂದು ಎಲ್ಲಿ ಮತ್ತ? ಅದ ಜಾಗ ಅಂತ ನಮ್ಮ ಮಂಡಳದವರು ಈಗಾಗಲೇ ಅಳತಿ ಹಿಡದಾರ.

ರಸಾಯನ_ಮಾಸ್ತರ
ನೀ ಎಲ್ಲಾ ನಗಿ ಮಾತು ಆಡಿ ಈಗ ಒಂದು ಖರೇ ಪ್ರಶ್ನೆ ಕೇಳಿದಿ ನೋಡು. ಪೆಂಡಾಲಿನವರು ಬಂದು ಸುತ್ತಿಗಿ ತಗೊಂಡು ಕಬ್ಬಿಣದ ಗೂಟ ಬಡೀತಾರ. ಕೆಳಗ ಹಾಸಿದ ಹಾಳಿಗೆ ವರ್ಷಾ ನೂರು ತೂತು! ಮುಚ್ಚಳ ಹಾಕೂದು ಅಂದ್ರ ಒಂದ್ ದಿನ ಹಾಕಿ ಮರಿಯೂದಲ್ಲ. ಎಲ್ಲಿ ಅಗಿಬಾರದು ಅಂತ ನಕಾಶಾ ಬರದು ಸಂಘದ ದಫ್ತರದಾಗ ಇಡಬೇಕು, ಜಾಗದ ಕಾಗದದಾಗೂ ಬರಸಬೇಕು. ಇಪ್ಪತ್ತು ವರ್ಷಕ್ಕ ನಾವು ಇರೂದಿಲ್ಲ, ಹೊಸ ಸೆಕ್ರೆಟರಿ ಬಂದು ಅಲ್ಲೇ ಬೋರ್ ಹೊಡಸ್ತಾನ.

ತಿಲಕವಾಡಿ_ಅಜ್ಜ
ನಮ್ಮ ಊರಾಗ 1924ರ ಕಾಂಗ್ರೆಸ್ ಅಧಿವೇಶನಕ್ಕಂತ ತೋಡಿದ ಬಾವಿ ಇನ್ನೂ ಐತಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದ ಒಂದು ಅಧಿವೇಶನ ಅದು. ಮುಂದ ನೀರಿನ ಬರ ಬಂದಾಗ ಪಾಲಿಕೆ ಹಳೇ ಬಾವಿಗಳ ಹೂಳು ತಗದು ಮತ್ತ ಊರಿಗೆ ನೀರು ಕೊಡ್ತು. ಅವತ್ತು ಆ ಬಾವಿಗಳು ಕೆಟ್ಟಿದ್ರ ಏನು ಕುಡೀತಿದ್ವಿ? ನೆಲದಾಗಿನ ನೀರಿಗೆ ಕಂಪೌಂಡ್ ಇರೂದಿಲ್ಲ ಮಕ್ಕಳ್ರಾ.

ಗುಮ್ಮಟದ_ಹುಡುಗ
ಅಜ್ಜಾರ ಮಾತು ಖರೆ. ನಮ್ಮ ವಿಜಯಪುರದಾಗ ತಾಜ್ ಬಾವಡಿ ಗಣಪತಿ ಮುಳಗಿಸಿ ಮುಳಗಿಸಿ, ಕಸ ಒಗದು ಒಗದು ಗಬ್ಬ ನಾರ್ತಿತ್ತು, ಹೂಳು ತಗದಾಗ ಕೆಳಗಿನ ಮೆಟ್ಟಲ ನೋಡಿ ಮಂದಿ ಹೌಹಾರಿದ್ರು. ಆದಿಲ್‌ಶಾಹಿ ಕಾಲದವರು ಅಷ್ಟು ಆಳ ಕಟ್ಯಾರ ಅಂತ ನಮಗ ಗೊತ್ತ ಇದ್ದಿಲ್ಲ.

ಮೂರನೇ_ಗೇಟ್
ಎಲ್ಲಾರೂ ಇಷ್ಟು ಬರದಿದ್ದು ನೋಡಿ ನಿನ್ನೆ ರಾತ್ರಿ ಪ್ರಿಂಟ್ ತಗಸಿ ಮೀಟಿಂಗಿನ್ಯಾಗ ಓದಿದೆ. ದೊಡ್ಡ ಜಗಳ ಆತು. ಸೆಕ್ರೆಟರಿ ಸಾಹೇಬ್ರು "ಗೇಟಿಗೆ ಆರ್ಡರ್ ಕೊಟ್ಟೇನಿ, ಬಣ್ಣ ಸುದ್ದಾ ಆಗೈತಿ" ಅಂತ ಎದ್ದು ಹ್ವಾದ್ರು. ಕಡೀಕೆ ಅಕ್ಕಮ್ಮಾರು ಎದ್ದು "ನಮ್ಮ ಮಮ್ಮಕ್ಕಳು ಆಡೂ ಜಾಗ, ಗೇಟ್ ಇಲ್ಲದಿದ್ರ ನಡೀತೈತಿ, ರಿಪೋರ್ಟ್ ಇಲ್ಲದ ನಡೆಯೂದಿಲ್ಲ" ಅಂದಿದ್ದಕ್ಕ ಎಲ್ಲಾರೂ ಸುಮ್ನಾದ್ರು. ರಜಿಸ್ಟ್ರಿ ಮುಂದ ಹೋತು. ಅರ್ಜಿ ಮೂರೂ ಟೈಪ್ ಆಗ್ಯಾವು.

ಈಗಿನ ತೊಡಕು ಏನಂದ್ರ ಶೆಡ್ಡು ಪೂರಾ ಕೆಡವ್ಯಾರ, ಟ್ಯಾಂಕು ಎಲ್ಲಿದ್ವು, ನೀರು ಎಲ್ಲಿ ಬಿಡ್ತಿದ್ರು, ಒಂದೂ ಗುರುತು ಉಳದಿಲ್ಲ. ಮಾಲಕರು ನಕಾಶಾ ಕಳದೈತಿ ಅಂತಾರ. ಚೌಕಳಿ ಹಾಕೂದ ಆದ್ರ ಎಲ್ಲಿಂದ ಸುರು ಮಾಡೂಣು ಮಾಸ್ತರ?

ಮೋಲ್ಡರ್_ಕಾಕಾ
ನಕಾಶಾ ಕಳದ್ರ ಕಳೀಲಿ. ನಾ ಮ್ಯಾಲೆ ಹೇಳಿದ್ನಲ್ಲ ನನ್ನ ದೋಸ್ತ, ನಿನ್ನ ಕಾಲನಿ ಗುರುತು ಹೇಳಿದ ಮ್ಯಾಲೆ ಅವನಿಗೆ ಫೋನ್ ಮಾಡಿ ಕೇಳಿದೆ. ಅವ ದುಡದಿದ್ದು ಅದ ಶೆಡ್ಡಿನ್ಯಾಗ. ಟ್ಯಾಂಕು ಎಷ್ಟು, ತೊಳದ ನೀರು ಯಾವ ತೆಗ್ಗಿಗೆ ಬಿಡ್ತಿದ್ರು, ಕಡೀ ವರ್ಷ ಟ್ಯಾಂಕಿನ ತಳದ ಗಾಳು (ರಾಡಿ) ಎಲ್ಲಿ ಹುಗದ್ರು ಎಲ್ಲಾ ಅವನ ತಲ್ಯಾಗ ಐತಿ. ಹಿಂದಿನ ಮೂಲ್ಯಾಗ ಒಂದು ಬೇವಿನ ಗಿಡ ಇತ್ತಂತ, ಅದರ ಬುಡಕ ಸೋಕ್ ಪಿಟ್ಟು. ಗಿಡ ಒಣಗಿದ ಮ್ಯಾಲೆ ಕಡದ್ರಂತ.

ಮೂರನೇ_ಗೇಟ್
ಕಾಕಾ!! ಬೇವಿನ ಬೊಡ್ಡಿ ಇನ್ನೂ ಐತ್ರಿ ಅಲ್ಲಿ! ಹಳದಿ ನೀರು ನಿಂತಿದ್ದು ಅದರ ಮಗ್ಗಲಕ್ಕನ. ಅವರನ್ನ ಕರಕೊಂಡ ಬರ್ರಿ, ಆಟೋ ರೊಕ್ಕ ನಾ ಕೊಡ್ತೀನಿ.

ರಸಾಯನ_ಮಾಸ್ತರ
ಐತವಾರ ಮುಂಜಾನೆ ಏಳಕ್ಕ ನಾನೂ ಬರ್ತೀನಿ. ಸುಣ್ಣದ ಪುಡಿ ತರ್ರಿ, ಅವರು ತೋರ್ಸಿದಲ್ಲಿ ಗೆರಿ ಹಾಕೂಣು. ಯಾರೂ ಅಗಿಬ್ಯಾಡ್ರಿ, ಲ್ಯಾಬಿನವರು ಬಂದು ತಗೀಲಿ. ಚಪ್ಪಲಿ ಬ್ಯಾಡ, ಬೂಟು ಹಾಕ್ಕೊಂಡು ಬರ್ರಿ, ಹುಡುಗರನ್ನ ಕರಕೊಂಡು ಬರಬ್ಯಾಡ್ರಿ.

ಮೋಲ್ಡರ್_ಕಾಕಾ
ಬರ್ತೀವಿ. ಅವಗ ಈಗ ವಾಸನಿ ಗೊತ್ತಾಗೂದಿಲ್ಲ, ಕಣ್ಣೂ ಜರಾ ಮಂಜು. ಹಗಲು ಹರದ ಮ್ಯಾಲೆ ಇಟ್ಕೊರಿ, ಎಂಟು ಅಂದ್ರ ಛಲೋ.

ಟಿಪ್ಪರ್_ರಾಜಾ
ಸುಣ್ಣದ ಚೀಲ ನಾ ತರ್ತೀನಿ. ಪುಕ್ಕಟ. ವಕೀಲರ, ಇದಕ್ಕೂ ಸಂಶಯ ಪಡಬ್ಯಾಡ್ರಿ ಮತ್ತ.